ಮಾತ್ರೆ ಆಯ್ತಾ?

ಅಂದು ಬೆಳಗ್ಗೆ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ: ಆಕಾಶವೇ ಕಳಚಿ ಬಿದ್ದರೂ ಈ ದಿನ ನಾನು ಸಿಟ್ಟಾಗುವುದಿಲ್ಲ!

ಕಾರಣವಿದೆ. ನನಗೆ ಥೈರಾಯ್ಡ್ ತೊಂದರೆ ಇದೆಯೆಂದು ಗೊತ್ತಾದಾಗಿನಿಂದ ಈ ಮನೆಯಲ್ಲಿ ನನ್ನ ಸಿಟ್ಟಿಗೆ ಮೂರು ಕಾಸಿನ ಬೆಲೆಯಿಲ್ಲ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವವರು ನಮ್ಮ ಯಜಮಾನರು. "ರೀ, ಎಷ್ಟು ಸಲ ಹೇಳ್ಬೇಕು?" ಎಂದು ಕೂಗಿದರೆ ಅವರು ಟವೆಲಿನ ಕಡೆ ನೋಡುವುದಿಲ್ಲ. ನನ್ನ ಕುತ್ತಿಗೆ ನೋಡುತ್ತಾರೆ. ಆಮೇಲೆ ಕರುಣೆಯಿಂದ ಕೇಳುತ್ತಾರೆ: "ಮಾತ್ರೆ ಆಯ್ತಾ?"

ಮಾತ್ರೆ! ಒಂದು ದಿನವೂ ತಪ್ಪಿಸಿದವಳಲ್ಲ ನಾನು. ಬೆಳಗ್ಗೆ ಕಾಫಿಯ ಮೊದಲ ಗುಟುಕಿನ ಜೊತೆಗೇ ಗುಳುಂ! ಇಂಥ ಶಿಸ್ತು ಸೈನ್ಯದಲ್ಲೂ ಇರಲಾರದು.

ಡಾಕ್ಟರಮ್ಮ ಮೊದಲೇ ವಿವರಿಸಿದ್ದರು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯ ಮೇಲೆ ಬೀಳುತ್ತದಂತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಇದೇ ಥರದ ಬೇರೆ ಕಾಯಿಲೆಗಳೂ ಕೆಲವರಿಗೆ ಜೊತೆಗೆ ಬರಬಹುದು. ಚರ್ಮದ ಮೇಲೆ ಬಿಳಿ ಮಚ್ಚೆ, ಕೀಲುವಾತ... ಗಾಬರಿ ಬೇಡ, ಗಮನ ಇರಲಿ" ಎಂದುಬಿಟ್ಟರು.

ನಮ್ಮ ಯಜಮಾನರು ಲಿಫ್ಟ್ ರಿಪೇರಿಯವರು. ಒಂದು ತಿರುಪು ಸಡಿಲವಾಗಿದ್ದರೆ ಅದರ ಅಕ್ಕಪಕ್ಕದ್ದನ್ನೂ ಬಿಚ್ಚಿ ನೋಡದೆ ಬಿಡುವ ಆಸಾಮಿಯಲ್ಲ. "ಗಾಬರಿ ಬೇಡ" ಎಂಬುದು ಅವರ ಕಿವಿಗೆ ಬೀಳಲೇ ಇಲ್ಲ! ಅಂದಿನಿಂದ ಟಾರ್ಚ್ ಹಿಡಿದು ನನ್ನ ತಪಾಸಣೆ ಶುರುವಾಯಿತು.

ನಾನು ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಪ್ರತಿಜ್ಞೆಯ ದಿನ ಒಂದು ಕೋಟಿನ ಬಟ್ಟೆಗೆ ಗುರುತು ಹಾಕಿ ಕತ್ತರಿಸುತ್ತಿದ್ದೆ. "ಅಲ್ಲಾಡ್ಬೇಡ!" ಎಂದು ಹಿಂದಿನಿಂದ ಗರ್ಜನೆ! ಕತ್ತರಿ ಜಾರಿತು. ಗಿರಾಕಿಯ ಬಟ್ಟೆ ಅಡ್ಡಡ್ಡ ಸೀಳಿಹೋಯಿತು.

ನಾನು ಹಲ್ಲು ಕಚ್ಚಿಕೊಂಡು ನಕ್ಕೆ. "ಏನಾಯ್ತು ರೀ?"

"ಮೊಣಕೈ ಮೇಲೆ ಬಿಳಿ ಮಚ್ಚೆ! ಬಂತು ನೋಡು ಎರಡನೇ ಕಾಯಿಲೆ!"

"ತಾಳಿ, ಒರೆಸಿ ನೋಡ್ತೀನಿ."

"ಮುಟ್ಬೇಡ ಕಣೇ, ಹರಡುತ್ತೆ!"

ಗಲಾಟೆ ಕೇಳಿ ಅತ್ತೆ ಬಂದರು. ಹರಿದ ಬಟ್ಟೆ ನೋಡಿದರು, ನನ್ನ ನಗು ನೋಡಿದರು, ಬೆಚ್ಚಿಬಿದ್ದರು. "ಅಯ್ಯೋ, ಬೆಳಗ್ಗೆ ಟವೆಲ್ ನೋಡಿನೂ ಇವಳು ಕೂಗಾಡಲಿಲ್ಲ ಕಣೋ. ಮೊದ್ಲು ಆಸ್ಪತ್ರೆಗೆ ಕರ್ಕೊಂಡು ಹೋಗು!"

ನೋಡಿದಿರಾ? ಸಿಟ್ಟಾದರೆ ಥೈರಾಯ್ಡ್, ಆಗದಿದ್ದರೆ ಅದಕ್ಕಿಂತ ದೊಡ್ಡ ಕಾಯಿಲೆ!

ಡಾಕ್ಟರಮ್ಮ ಸ್ಪಿರಿಟ್ಟಿನ ಹತ್ತಿಯಿಂದ ಒಮ್ಮೆ ತಿಕ್ಕಿದರು. ಮಚ್ಚೆ ಮಾಯ! ಬಟ್ಟೆಗೆ ಗುರುತು ಹಾಕುವ ನನ್ನದೇ ಮೇಣದ ಸೀಮೆಸುಣ್ಣ!

"ನಿಜವಾದ ಮಚ್ಚೆಯಾಗಿದ್ರೂ ಮುಟ್ಟಿದ್ರೆ ಹರಡಲ್ಲ ಸಾರ್" ಎಂದರು ಅವರು.

ಪ್ರತಿಜ್ಞೆ ಅಲ್ಲೇ ಚಿಂದಿಯಾಯಿತು. "ಗಿರಾಕಿಗೆ ಏನಂತ ಹೇಳ್ಲಿ ರೀ? ನನ್ನ ಸಿಟ್ಟು ನಂದು! ಗ್ರಂಥೀದಲ್ಲ!" ಎಂದು ಕಿರುಚಿದೆ. ಹೊರಗೆ ಸಾಲಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದರು. ಯಜಮಾನರು ಮೆಲ್ಲಗೆ, "ನೋಡಿ ಡಾಕ್ಟ್ರೇ, ಹೀಗೇ" ಎಂದರು.

"ಹೇಗೂ ಬಂದಿದ್ದೀರಿ, ರಕ್ತಪರೀಕ್ಷೆ ಮಾಡಿಸಿಬಿಡಿ" ಎಂದರು ಡಾಕ್ಟರಮ್ಮ. ಮಾಡಿಸಿದೆ. ಎಲ್ಲ ಸರಿಯಿದೆಯೆಂದು ಕಾಗದದಲ್ಲೇ ಬರಲಿ, ಇವರ ಮುಖಕ್ಕೆ ಹಿಡಿಯುತ್ತೇನೆ ಎಂದು ಸಂಜೆ ಅವರನ್ನೂ ಕರೆದುಕೊಂಡು ಎದೆಯುಬ್ಬಿಸಿಕೊಂಡೇ ಹೋದೆ.

"ಥೈರಾಯ್ಡ್ ಹತೋಟಿಯಲ್ಲಿಲ್ಲವಲ್ಲಮ್ಮ. ಮಾತ್ರೆ ತಪ್ಪಿಸ್ತೀರಾ?"

"ಒಂದು ದಿನಾನೂ ಇಲ್ಲ! ಕಾಫಿಯ ಮೊದಲ ಗುಟುಕಿನ ಜೊತೆಗೇ ನುಂಗ್ತೀನಿ!"

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಖಾಲಿ ಹೊಟ್ಟೇಲಿ ನೀರಿನ ಜೊತೆ ತಗೊಳ್ಳಿ, ಆಮೇಲೆ ಒಂದು ಗಂಟೆ ಕಾಫಿ ಮುಟ್ಟಬೇಡಿ ಅಂದಿದ್ನಲ್ಲಮ್ಮ! ಕಾಫಿ ಜೊತೆ ತಗೊಂಡ್ರೆ ಸರಿಯಾಗಿ ಮೈಗೆ ಹತ್ತಲ್ಲ. ಇಷ್ಟು ದಿನ ನೀವು ಔಷಧಿ ಕೊಟ್ಟಿರೋದು ಕಾಫಿಗೆ!"

ನನ್ನ ದನಿ ಪಾತಾಳಕ್ಕಿಳಿಯಿತು. "ಹಾಗಾದ್ರೆ... ನನ್ನ ಸಿಟ್ಟು?"

"ಅದು ಗ್ರಂಥಿಯಿಂದಲೋ ಗಂಡನಿಂದಲೋ ಅಂತ ಹೇಳೋ ಪರೀಕ್ಷೆ ಇನ್ನೂ ಬಂದಿಲ್ಲಮ್ಮ."

ಮನೆಯವರೆಗೂ ಯಜಮಾನರು ನನ್ನ ಕುತ್ತಿಗೆಯನ್ನೇ ಕರುಣೆಯಿಂದ ನೋಡುತ್ತಾ ಬಂದರು. ಅದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ?

ಮರುದಿನ ಬೆಳಗ್ಗೆ ನೀರಿನ ಜೊತೆ ಮಾತ್ರೆ ನುಂಗಿ, ಗಡಿಯಾರವನ್ನೇ ದುರುಗುಟ್ಟಿಕೊಂಡು ಕೂತಿದ್ದೆ. ಒದ್ದೆ ಟವೆಲು ಹಾಸಿಗೆಯ ಮೇಲೆ ಬಿತ್ತು. ನಾನು ತಿರುಗಿ ನೋಡಿದೆ.

"ಮಾತ್ರೆ ಆಯ್ತಾ?"

"ಆಯ್ತು."

"ಕಾಫಿ?"

"ಇನ್ನೂ ಇಲ್ಲ!"

ನಮ್ಮ ಯಜಮಾನರು ತೆಪ್ಪಗೆ ಟವೆಲು ಎತ್ತಿಕೊಂಡು ಹೋಗಿ ಹಗ್ಗಕ್ಕೆ ಹರವಿದರು. ಆ ಒಂದು ಗಂಟೆ ಮುಗಿಯುವವರೆಗೂ ಅದರ ಹಿಂದೆಯೇ ಅಡಗಿ ನಿಂತಿದ್ದರು.