ದಾರದ ಚೌಕದೊಳಗಿನ ಹತ್ತರಕಿ

ಈ ಬರಹದ ಕೆಲವು ವಿವರಗಳು ತಪ್ಪಿರಬಹುದು. ವಿದ್ಯಾರ್ಥಿಗಳು ಹನ್ನೆರಡೋ ಹದಿಮೂರೋ, ನೆನಪಿಲ್ಲ. ದಾರ ನೀಲಿ ಎಂದು ಡೈರಿ ಹೇಳುತ್ತದೆ. ಆದರೆ ಆ ಡೈರಿಯನ್ನೂ ನಾನೇ ಬರೆದದ್ದು! ಹತ್ತರಕಿ ಸೊಪ್ಪಿನ ರುಚಿಯೊಂದು ಮಾತ್ರ ಖಚಿತ.

ಶಹಾಪುರದ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ಮಕ್ಕಳಿಗೆ ಗುಡ್ಡದಲ್ಲೇ ಪಾಠ ಮಾಡುತ್ತೇನೆಂದು ಪ್ರಿನ್ಸಿಪಾಲರನ್ನು ವರ್ಷವಿಡೀ ಕಾಡಿದ್ದೆ. ಕೊನೆಗೆ ಅವರು, "ಒಂದ್ಸಲ ನೋಡೋಣ್ರಿ, ನಾನೂ ಬರ್ತೀನಿ. ಬರೇ ಪಿಕ್ನಿಕ್ ಆದ್ರ ಮುಂದ ಕೇಳಬ್ಯಾಡ್ರಿ," ಎಂದರು.

ನಾನು ಆರಿಸಿದ್ದು ಹತ್ತಿರದ ಸಗರ ಊರಿನಲ್ಲಿ ನನ್ನ ಸೋದರತ್ತೆಯ ಹೊಲದ ಮೇಲಿರುವ ಕಣಿವೆ. ಅಲ್ಲಿ ಬೆಳಗು ತಡವಾಗಿ ಇಳಿಯುತ್ತದೆ. ಬಂಡೆಗಳು ಮಂಜು ಹೊದ್ದು ಇನ್ನೊಂದು ಗಳಿಗೆ ಮಲಗಿರುತ್ತವೆ. ಬಿಸಿಲು ಬಡಿಯುವ ಮಗ್ಗುಲಲ್ಲಿ ಮುಳ್ಳುಕಂಟಿ, ಒಣಹುಲ್ಲು. ನೆರಳಿನ ಮಗ್ಗುಲಲ್ಲಿ, ಮಳೆನೀರು ತಂದಿಟ್ಟ ಮಣ್ಣಿನ ಮೇಲೆ, ಹತ್ತರಕಿಯ ಹಸಿರು ಚಾಪೆ. ಯಾವ ಗಿಡ ಎಲ್ಲಿರಬೇಕೆಂದು ನೆರಳು, ತೇವ, ಮಣ್ಣು ಸೇರಿ ತೀರ್ಮಾನಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೆ? ನಾಲ್ಕು ಗೂಟ ನೆಟ್ಟು ಸುತ್ತ ದಾರ ಕಟ್ಟಿದೆ. ಕನಸಿನಲ್ಲಿದ್ದವಳಂತೆ ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ. ಅಷ್ಟರಲ್ಲಿ ಅತ್ತೆ ಹೊಲದಿಂದ ಮೇಲೆ ಬಂದಳು.

"ಅತ್ತಿ, ಸೋಮವಾರ ಮಕ್ಕಳನ್ನ ಕರ್ಕೊಂಡು ಬರ್ತೀನಿ. ಅಲ್ಲೀತನ ಇದರಾಗ ಆಡು ಬಿಡಬ್ಯಾಡ."

"ಎಷ್ಟು ಮಂದಿ ಬರ್ತಾರ?"

"ಒಂದು ಹನ್ನೆರಡು."

ಅತ್ತೆ ಸೊಪ್ಪನ್ನು ಈ ತುದಿಯಿಂದ ಆ ತುದಿಯವರೆಗೆ ಅಳೆದು ನೋಡಿ, "ಸಾಕಾಗ್ತದ ಬಿಡು," ಎಂದಳು. ಮಾದರಿಯ ಗಾತ್ರದ ಬಗ್ಗೆ ನಮ್ಮ ಅತ್ತೆಗೆ ಎಂಥ ತಿಳಿವಳಿಕೆ ಎಂದು ಹೆಮ್ಮೆಪಟ್ಟೆ!

ಸೋಮವಾರ ಬೆಳಿಗ್ಗೆ ಉಣ್ಣದೆ ಗುಡ್ಡ ಹತ್ತಲು ಅತ್ತೆ ಯಾರನ್ನೂ ಬಿಡಲಿಲ್ಲ. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಜೊತೆಗೆ ತೊಳೆದ ಹಸಿ ಸೊಪ್ಪಿನ ರಾಶಿ. "ಭಾಳ ಎಳೇದದ ಅತ್ತಿ!" ಎಂದು ನಾನೇ ಎರಡು ಸಲ ಹಾಕಿಸಿಕೊಂಡೆ. ಪ್ರಿನ್ಸಿಪಾಲರು ಮೂರು ಸಲ.

ಮೇಲೆ ಹೋದರೆ ಗೂಟವಿತ್ತು. ದಾರವಿತ್ತು. ಒಳಗೆ ಬರೀ ಮಣ್ಣಿತ್ತು!

"ಸೊಪ್ಪು ಎಲ್ಲದ್ರಿ ಮೇಡಂ?" ಎಂದರು ಪ್ರಿನ್ಸಿಪಾಲರು.

ಹಿಂದೆಯೇ ಬಂದಿದ್ದ ಅತ್ತೆ ಉತ್ತರಿಸಿದಳು: "ಈಗ ಉಂಡ್ರಲ್ಲರಿ ಸರ! ಒಂದು ಆಡು ಸುದ್ದಾ ಬಿಟ್ಟಿಲ್ಲ ನಾ. ನಸುಕಿನಾಗ ಬಂದು ಒಂದೊಂದೇ ಕಿತ್ತೀನಿ."

ಗಿಡಗಳ ನೆಲೆಯನ್ನು ನಿರ್ಧರಿಸುವ ಅಂಶಗಳು ನೆರಳು, ತೇವ, ಮಣ್ಣು ಎಂದು ಮೊದಲೇ ಬರೆಸಿದ್ದೆ. ವಿದ್ಯಾರ್ಥಿನಿಯೊಬ್ಬಳು ಬಹಳ ಗಂಭೀರವಾಗಿ ನಾಲ್ಕನೆಯದನ್ನು ಸೇರಿಸಿಕೊಂಡಳು: ಮೇಯುವಿಕೆ. ಮೇಯ್ದ ಪ್ರಾಣಿ ಯಾವುದೆಂದು ನಾನು ವಿವರಿಸಲಿಲ್ಲ.

"ಪಿಕ್ನಿಕ್ ಭಾಳ ಚಲೋ ಆತ್ರಿ," ಎಂದು ಪ್ರಿನ್ಸಿಪಾಲರು ಇಳಿಯತೊಡಗಿದರು.

ಪುರಾವೆ ಹೊಟ್ಟೆ ಸೇರಿದರೂ ಸಿದ್ಧಾಂತ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ತಿರುಗಿ ನೋಡಿದೆ. ಕಣಿವೆಗೆ ಆಗಷ್ಟೇ ಬಿಸಿಲು ಇಳಿದಿತ್ತು. ಆ ಹೊಂಬೆಳಕಿನಲ್ಲಿ ಅತ್ತೆ ಸೆರಗಿನ ಗಂಟು ಬಿಚ್ಚಿ, ಖಾಲಿ ಚೌಕದ ಮೇಲೆ ಏನನ್ನೋ ಉದುರಿಸುತ್ತಿದ್ದಳು. ಹಾಗೆಂದು ನನ್ನ ನೆನಪು. ಎಷ್ಟು ಸಲ ಕೇಳಿದರೂ ಅತ್ತೆ ನಕ್ಕು ಇನ್ನೊಂದು ರೊಟ್ಟಿ ಹಾಕುತ್ತಾಳೆ, ಅಷ್ಟೇ.

"ಅತ್ತಿ, ಖರೇ ಹೇಳು. ಆ ಹತ್ತರಕಿ ಅಲ್ಲಿ ತಾನಾಗೇ ಹುಟ್ತದೋ, ವರ್ಷಾ ನೀನೇ ಬೀಜ ಚೆಲ್ತೀಯೋ?"