ಟಗರೂ ಇಪ್ಪತ್ತನೇ ವಿಧಿಯೂ

ಹೊಸ ಹಗ್ಗ ತರಬೇಕೆಂದು ಪಾತಣ್ಣ ಯುಗಾದಿಯಿಂದಲೂ ಅಂದುಕೊಳ್ಳುತ್ತಲೇ ಇದ್ದ. ಅಂದುಕೊಳ್ಳುವುದರಲ್ಲಿ ಅವನು ಯಾವತ್ತೂ ಸೋಮಾರಿತನ ಮಾಡಿದವನಲ್ಲ. ಆದರೆ ಅವನ ಟಗರು ಕೆಂಚನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಆ ಬೆಳಿಗ್ಗೆ ಹಳೆಯ ಹಗ್ಗವನ್ನು ಹರಿದುಕೊಂಡು ಮೊಳಕಾಲ್ಮೂರಿನ ನೇಕಾರರ ಬೀದಿಯ ಕಡೆಗೆ ಹೊರಟುಬಿಟ್ಟಿತು.

ಆ ಹೊತ್ತಿಗೆ ನೇಕಾರ ನಾಗರಾಜನೂ ಅವನ ಹೆಂಡತಿ ಮಾಲತಿಯೂ ರೇಷ್ಮೆ ಸೀರೆಯ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಎಳೆ ಎಳೆಯನ್ನೂ ಬಿಡಿಸುತ್ತಿದ್ದರು. ಸೀರೆಯ ಉದ್ದಕ್ಕೆ ಬರುವ ನೂಲೆಲ್ಲ ಅದೇ. ಹಾಸು ಬೀದಿಯಲ್ಲಿದ್ದರೆ ಬೈಕಿನವರು ಇಳಿದು ತಳ್ಳಿಕೊಂಡು ಹೋಗುತ್ತಾರೆ, ನಾಯಿಗಳೂ ಬಳಸಿಕೊಂಡು ಹೋಗುತ್ತವೆ. ಕೆಂಚ ಮಾತ್ರ ಈ ತುದಿಯಿಂದ ನುಗ್ಗಿ ಆ ತುದಿಯಿಂದ ಹೊರಬಂದಿತು. ಬಂದಾಗ ಅದರ ಕೊಂಬಿನಿಂದ ಕೆಂಪು ರೇಷ್ಮೆ ಮದುವಣಗಿತ್ತಿಯ ಜಡೆಯಂತೆ ಇಳಿಬಿದ್ದಿತ್ತು.

ಪಾತಣ್ಣನಿಗೆ ಸುದ್ದಿ ಮುಟ್ಟಿಸಿದವನು ಪಕ್ಕದ ಮನೆಯ ಮಹಾಂತೇಶ. ಲಾ ಪರೀಕ್ಷೆಯನ್ನು ಅವನು ಎಷ್ಟು ಸಲ ಕಟ್ಟಿದ್ದನೆಂದರೆ, ಪಾಸಾದವರಿಗಿಂತ ಅವನಿಗೇ ಪ್ರಶ್ನೆಗಳು ಹೆಚ್ಚು ಗೊತ್ತಿದ್ದವು. ಉತ್ತರದ್ದಷ್ಟೇ ತೊಂದರೆ.

"ಲೇ ಪಾತಣ್ಣ, ನಿನ್ ಟಗರನ್ನ ಸ್ಟೇಷನ್ ಮುಂದಿನ ಬೇವಿನ ಮರಕ್ಕೆ ಕಟ್ಟವ್ರೆ. ಯಾರದು ಅಂತ ಕೇಳ್ತಾವ್ರೆ ಸಾಹೇಬ್ರು. ಹಾಸು ಹರಿಸ್ಕಂಡ ನಾಗರಾಜನೂ ಅಲ್ಲೇ ನಿಂತವ್ನೆ."

ಪಾತಣ್ಣನೇ ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ತನ್ನ ಕಂಬಳಿಯೊಳಗೇ ಮಲಗಿಸಿಕೊಂಡು ಬೆಳೆಸಿದ ಟಗರು ಅದು. ಈ ಪ್ರೀತಿಯ ವಿಷಯವಾಗಿ ಅವನ ಹೆಂಡತಿ ಕ್ಯಾತಮ್ಮ ಬೀದಿಗೆಲ್ಲ ಕೇಳುವಂತೆ ಆಗಾಗ ಮಾತಾಡುವುದಿತ್ತು. ಏನು ಹೋದರೂ ಹೋಗಲಿ, ಕೆಂಚ ಮಾತ್ರ ಹೋಗಬಾರದು ಎಂದು ಅವನ ಜೀವ ಹೊಯ್ದಾಡಿತು.

"ಓಡೋಗಿ ಕಾಲಿಗ್ ಬಿದ್ದು ಬಿಡಿಸ್ಕಂಡ್ ಬರ್ತೀನಿ," ಎಂದು ಎದ್ದ.

ಮಹಾಂತೇಶ ಅವನ ಅಂಗಿ ಹಿಡಿದು ಕೂರಿಸಿದ. "ದಡ್ಡ! ಟಗರು ನಂದು ಅಂದ ತಕ್ಷಣ ನೀನು ಆರೋಪಿ. ಸಂವಿಧಾನದ ಇಪ್ಪತ್ತನೇ ವಿಧಿ ಏನ್ ಹೇಳ್ತೈತೆ ಗೊತ್ತಾ? ಆರೋಪಿ ತನ್ನ ಮೇಲೆ ತಾನೇ ಸಾಕ್ಷಿ ಹೇಳ್ಬೇಕು ಅಂತ ಯಾರೂ ಬಲವಂತ ಮಾಡಂಗಿಲ್ಲ. ಪ್ರಧಾನಮಂತ್ರಿ ಬಂದು ಕೇಳಿದ್ರೂ ಬಾಯಿ ಬಿಡಬ್ಯಾಡ."

ಅಷ್ಟು ದೊಡ್ಡವರು ಬರಲಾರರು ಎಂಬ ಧೈರ್ಯದಿಂದ ಪಾತಣ್ಣ ಬಾಯಿ ಮುಚ್ಚಿಕೊಂಡು ಹೊರಟ.

ಸ್ಟೇಷನ್ ಮುಂದೆ ಜನ ಸೇರಿದ್ದರು. ಎಎಸ್‌ಐ ದೇವೇಂದ್ರಪ್ಪ ಕುರ್ಚಿ ಹಾಕಿಸಿಕೊಂಡು ಮರದ ನೆರಳಿಗೆ ಕೂತಿದ್ದರು. ಸಮಾಧಾನದ ಮನುಷ್ಯ.

"ಏನಪ್ಪಾ, ಈ ಟಗರು ನಿಂದಾ?"

ಪಾತಣ್ಣ ಆಕಾಶ ನೋಡಿದ. ಆದರೆ ಟಗರಿಗೆ ಯಾವ ವಿಧಿಯೂ ಗೊತ್ತಿರಲಿಲ್ಲ. ಯಜಮಾನನನ್ನು ಕಂಡದ್ದೇ "ಬ್ಯಾ" ಎಂದು ಅರಚಿ, ಹಗ್ಗ ಜಗ್ಗಿಕೊಂಡು ಬಂದು ಅವನ ಅಂಗೈ ನೆಕ್ಕತೊಡಗಿತು. ಪಾತಣ್ಣ ಕೈಯನ್ನು ಹಿಂದಕ್ಕಿಟ್ಟುಕೊಂಡರೆ ಹಿಂದಕ್ಕೆ ಹೋಗಿ ನೆಕ್ಕಿತು.

"ನಿನ್ ಗುರ್ತು ಚೆನ್ನಾಗೈತಲ್ಲ ಅದಕ್ಕೆ?" ಎಂದರು ದೇವೇಂದ್ರಪ್ಪ.

"ಉಪ್ಪಿನ ಕೈ, ಸಾರ್," ಎಂದ ಮಹಾಂತೇಶ. "ಬೆಳಿಗ್ಗೆ ಉಪ್ಪಿಟ್ಟು ತಿಂದವ್ನೆ."

"ನೋಡ್ರಪ್ಪಾ, ಯಾರದೂ ಅಲ್ಲ ಅಂದ್ರೆ ಬೀಡಾಡಿ ಪ್ರಾಣಿ ಅಂತಾಗ್ತೈತೆ. ದೊಡ್ಡಿಗೆ ಕಳಿಸ್ಬೇಕು. ಅಲ್ಲಿ ವಾರಸುದಾರ ಬರದಿದ್ರೆ ಹರಾಜು."

ಹರಾಜು ಎಂಬ ಮಾತು ಕೇಳಿದ್ದೇ ಗುಂಪಿನೊಳಗಿಂದ ಮಟನ್ ಅಂಗಡಿಯವನು ಮುಂದೆ ಬಂದು ಕೆಂಚನ ಬೆನ್ನು ಒತ್ತಿ ನೋಡಿದ. ಪಾತಣ್ಣ ಗಾಬರಿಯಾಗಿ ಮಹಾಂತೇಶನನ್ನು ಪಕ್ಕಕ್ಕೆಳೆದ.

"ಏನ್ಲಾ ಇದು?"

"ಹೆದರಬ್ಯಾಡ. ಮುನ್ನೂರು ಎ ವಿಧಿ ಐತೆ. ಕಾನೂನಿನ ಅಧಿಕಾರ ಇಲ್ದೆ ಯಾರ ಆಸ್ತೀನೂ ಕಿತ್ಕಳಂಗಿಲ್ಲ. ಧೈರ್ಯವಾಗಿ ನಂದು ಅನ್ನು."

"ನಂದು ಅಂದ್ರೆ ಇಪ್ಪತ್ತನೇದು?"

"ಅದು ಹೋಗ್ತೈತೆ."

"ನಂದಲ್ಲ ಅಂದ್ರೆ?"

"ಮುನ್ನೂರು ಎ ಹೋಗ್ತೈತೆ." ಮಹಾಂತೇಶ ಗಲ್ಲ ಕೆರೆದುಕೊಂಡ. "ಇದು ನಂಗೂ ಪರೀಕ್ಷೇಲಿ ಬಂದಿತ್ತು ಕಣೋ."

ಆಗ ಪಾತಣ್ಣನ ತಲೆಯಲ್ಲಿ ಮಿಂಚು ಹೊಡೆಯಿತು. ತನ್ನದೂ ಅನ್ನಬಾರದು, ಬೇರೆಯವರದೂ ಆಗಬಾರದು. ಅಂಥ ಒಡೆತನ ಈ ಸೀಮೆಯಲ್ಲಿ ಒಬ್ಬರದೇ. ದೇವರಿಗೆ ಬಿಟ್ಟ ಎತ್ತು ಯಾರ ಹೊಲ ಮೇಯ್ದರೂ ಜನ ಕೈ ಮುಗಿಯುತ್ತಾರೆಯೇ ಹೊರತು ಕೋಲೆತ್ತುವುದಿಲ್ಲ.

"ಸಾರ್, ಅದು ದೇವರ ಟಗರು! ನಾನೇ ಹರಕೆ ಹೊತ್ತು ದೇವರಿಗೆ ಬಿಟ್ಟಿದ್ದು!"

"ಯಾವ ದೇವರಿಗೆ?"

ಮಾರಮ್ಮ ಎಂಬ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಮಾರಮ್ಮನಿಗೆ ಬಿಟ್ಟ ಟಗರಿನ ಗತಿ ಏನಾಗುತ್ತದೆಂದು ನೆನೆದು ಗಕ್ಕನೆ ನುಂಗಿಕೊಂಡ. "ನಾಯಕನಹಟ್ಟಿ ತಿಪ್ಪೇಸ್ವಾಮಿಗೆ!"

"ಬಸವನ್ನ ಬಿಡೋದು ಕೇಳಿದ್ದೆ. ಟಗರು ಇದೇ ಮೊದಲು," ಎಂದರು ದೇವೇಂದ್ರಪ್ಪ.

"ಭಕ್ತಿ ಸಾರ್. ಕೈಲಾದಷ್ಟು."

ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಕ್ಯಾತಮ್ಮ ಬಂದಳು. ಗಂಡನನ್ನು ಸ್ಟೇಷನ್ನಿಗೆ ಕರೆಸಿದ್ದಾರೆಂದು ಅಳುತ್ತಾ ಓಡಿಬಂದವಳು ಕಡೆಯ ಮಾತುಗಳನ್ನಷ್ಟೇ ಕೇಳಿಸಿಕೊಂಡಿದ್ದಳು. ಅಳು ನಿಂತುಹೋಯಿತು.

"ನಿಜವೇನ್ರೀ? ದೇವರಿಗೆ ಒಂದು ಕಾಯಿ ಒಡೀರಿ ಅಂತ ಬಾಯಿ ಬಡ್ಕಂಡ್ರೂ ಕೇಳದೋರು ಕೆಂಚನ್ನೇ ಕೊಟ್ಬಿಟ್ರಾ? ನನ್ನಪ್ಪಾ!"

ಪಾತಣ್ಣ ಸುಮ್ಮನಿರೆಂದು ಕಣ್ಣು ಮಿಟುಕಿಸಿದ. ಅವಳಿಗೆ ಅದು ಆನಂದಬಾಷ್ಪವಾಗಿ ಕಂಡಿತು. ಎದುರಿನ ಅಂಗಡಿಯಿಂದ ಹೂವಿನ ಹಾರ ತಂದು ಕೆಂಚನ ಕೊರಳಿಗೆ ಹಾಕಿ, ಹಣೆಗೆ ಅರಿಸಿನ ಕುಂಕುಮ ಬಳಿದಳು. ಅವಳನ್ನು ನೋಡಿ ಇನ್ನಿಬ್ಬರು ಹೆಂಗಸರು ಬಾಳೆಹಣ್ಣು ತಿನ್ನಿಸಿದರು. ಮಟನ್ ಅಂಗಡಿಯವನು ಕೂಡ ಕೈ ಮುಗಿದು ಹಿಂದೆ ಸರಿದ. ಟಗರು ಉಳಿಯಿತಲ್ಲ ಎಂದು ಪಾತಣ್ಣ ಉಸಿರು ಬಿಟ್ಟ.

"ಸರಿಯಪ್ಪ, ಮುಗೀತು," ಎಂದು ದೇವೇಂದ್ರಪ್ಪ ಎದ್ದರು. "ಹೆದ್ದಾರೀಲಿ ಲಾರಿಗೆ ಸಿಕ್ಕೀತು ಅಂತ ನಾಗರಾಜನೇ ಹಿಡ್ಕಂಡ್ ಬಂದು ಕಟ್ಟಿದ್ದ. ಯಜಮಾನ ಬಂದ್ರೆ ಕೊಟ್ಟು ಕಳಿಸೋಣ ಅಂತ ಕಾಯ್ತಿದ್ವಿ. ಅಷ್ಟೇ."

"ದೂರು?" ಎಂದ ಪಾತಣ್ಣ.

"ಯಾವ ದೂರು? ಅವನು ಕೊಟ್ಟೇ ಇಲ್ಲ."

ಮನೆಮಾತು ತೆಲುಗಾದ ನಾಗರಾಜ ನಾಚಿಕೊಂಡವನಂತೆ ನಕ್ಕ. "ನೋರು ಲೇನಿ ಜೀವಂ ಅಲ್ವಾ ಅಣ್ಣಾ. ಮೂಕಪ್ರಾಣಿ. ಹಗ್ಗ ಹರ್ಕಂಡು ಬಂದೈತೆ, ಅದಕ್ಕೇನು ತಿಳೀತದೆ? ಎಳೆ ಗಂಟು ಹಾಕ್ಕಂತೀವಿ ಅಂದ್ಕಂಡಿದ್ವಿ."

ಪಾತಣ್ಣನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. "ಹಂಗಾದ್ರೆ ಸಾರ್, ಟಗರು ನಂದೇ!"

"ಬಿಡ್ತು ಅನ್ರೀ!" ಕ್ಯಾತಮ್ಮ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ದೇವರಿಗೆ ಕೊಟ್ಟಿದ್ದು ವಾಪಸ್ ಕೇಳ್ತಾರೇನ್ರೀ?" ಹೆಂಗಸರು ಹೌದೌದು ಎಂದರು.

ಅಲ್ಲಿಯವರೆಗೆ ಸುಮ್ಮನಿದ್ದ ಮಾಲತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ಒಂದ್ ನಿಮಿಷ ಸಾರ್. ತಾನಾಗೇ ಹರ್ಕಂಡು ಬಂದಿದ್ರೆ ತಪ್ಪು ಟಗರದು. ಈ ಅಣ್ಣ ತಾನೇ ಬೇಕೂಂತ ಬಿಟ್ಟಿದ್ದು ಅಂತ ಇಷ್ಟು ಜನದ ಮುಂದೆ ಹೇಳಿದ್ನಲ್ಲ? ಹಂಗಾದ್ರೆ ತಪ್ಪು ಯಾರದು?"

ಎಲ್ಲರೂ ಪಾತಣ್ಣನ ಕಡೆ ತಿರುಗಿದರು. ಪಾತಣ್ಣ ಮಹಾಂತೇಶನ ಕಡೆ ತಿರುಗಿದ. "ಇಪ್ಪತ್ತನೇ ವಿಧಿ ಹೇಳೋ!"

"ಬಲವಂತ ಮಾಡಿ ಹೇಳಿಸಿದ್ರೆ ತಾನೇ ಅದು ಬರೋದು?" ಮಹಾಂತೇಶ ಮೆಲ್ಲಗೆ ಹಿಂದಕ್ಕೆ ಸರಿಯುತ್ತಾ ಅಂದ. "ನೀನಾಗೇ ಕೂಗಿ ಹೇಳಿದ್ದಕ್ಕೆ ಸಂವಿಧಾನದಾಗೆ ಏನೂ ಇಲ್ಲ."

ದೂರು ಬೇಡ, ಹರಿದ ಎಳೆಗಳನ್ನು ಕೂತು ಗಂಟು ಹಾಕಿಕೊಟ್ಟರೆ ಸಾಕು ಎಂದು ನಾಗರಾಜ ರಾಜಿಗೆ ಬಂದ. ಸಂಜೆಯವರೆಗೂ ಪಾತಣ್ಣ ನೇಕಾರರ ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತ. ಕುರಿ ಕೂದಲು ಕತ್ತರಿಸಿ ಒರಟಾದ ಬೆರಳುಗಳಿಗೆ ರೇಷ್ಮೆಯ ಎಳೆ ಸಿಗುತ್ತಲೇ ಇರಲಿಲ್ಲ. ಸಿಕ್ಕಿದ್ದು ಜಾರುತ್ತಿತ್ತು. ಮಾಲತಿ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು, ಕೆಟ್ಟ ಗಂಟುಗಳನ್ನು ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು.

ಹಾರ ಹಾಕಿಕೊಂಡ ಕೆಂಚ ಮನೆ ಮನೆಯಲ್ಲೂ ಬೆಲ್ಲ ಬಾಳೆಹಣ್ಣು ತಿಂದು ಅವನೆದುರಿಗೆ ಬಂದು ನಿಂತಿತು. ಪಾತಣ್ಣ ಎಳೆ ಬಿಟ್ಟು ಕೈ ಚಾಚಿದ. ಕೆಂಚ ಅಂಗೈ ಮೂಸಿ ನೋಡಿ, ಅಲ್ಲೇನೂ ಇಲ್ಲದ್ದನ್ನು ಕಂಡು, ಬೀದಿಯ ಆಚೆ ತುದಿಯ ಕಡೆಗೆ ಹೊರಟಿತು. ಅಲ್ಲಿ ಇನ್ನೊಬ್ಬರು ಹಸಿರು ರೇಷ್ಮೆಯ ಹಾಸನ್ನು ಆಗಷ್ಟೇ ಎಳೆದು ಕಟ್ಟಿ ಮುಗಿಸಿದ್ದರು. ದೇವರ ಟಗರು ಬರುತ್ತಿರುವುದನ್ನು ಕಂಡು ಅವರು ಭಕ್ತಿಯಿಂದ ಕೈ ಮುಗಿದು ಪಕ್ಕಕ್ಕೆ ನಿಂತರು.

ಮಾಲತಿ ಆ ಕಡೆ ಒಮ್ಮೆ ನೋಡಿ, "ಪಾತಣ್ಣಾ, ನಾಳೆ ಊಟ ಕಟ್ಕಂಡೇ ಬಂದ್ಬಿಡಣ್ಣ," ಎಂದಳು.