ಆಶಾಲತಾ ಬೈಯುವುದನ್ನು ನಿಲ್ಲಿಸಿದ್ದು

ಹೆಂಡತಿ ಬೈಯುತ್ತಾಳೆ ಎಂದು ಗೋಳಾಡುವ ಗಂಡಸರನ್ನು ಕಂಡರೆ ಮೊನ್ನೆಮೊನ್ನೆಯವರೆಗೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಹೆಂಡತಿ ಆಶಾಲತಾ ಬೈಯುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ಅದೂ ಇಡೀ ಒಂದು ಸೆಮಿಸ್ಟರು.

ಎಲ್ಲಕ್ಕೂ ಕಾರಣ ನರ್ಸಿಂಗ್. ಕುವೈತಿನ ರಿಗ್ಗೈಯ ಒಂದು ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ಕೌಂಟರಿನ ಹಿಂದೆ ಕೂತು ಟೋಕನ್ ಕೊಟ್ಟವಳಿಗೆ, ಒಳಗೆ ಹೋಗಿ ರೋಗಿಯ ಕೈ ಹಿಡಿಯಬೇಕು ಎಂಬ ಆಸೆ ಹುಟ್ಟಿತು. ಕೆನಡಾದ ಒಂದು ಕಾಲೇಜು ಪದವಿಗೆ ಸೇರಿಸಿಕೊಳ್ಳುತ್ತೇವೆ ಎಂದಿತು. ಆದರೆ ಅದಕ್ಕೂ ಮೊದಲು ಆನ್‌ಲೈನಿನಲ್ಲಿ ಕೆಲವು ವಿಷಯ ಓದಿ ಪಾಸಾಗಬೇಕು ಎಂದಿತು. ಅವಕ್ಕೆ ಪ್ರೀರಿಕ್ವಿಸಿಟ್ ಎಂದು ನಾಲಿಗೆ ಹೊರಳದ ಹೆಸರು. ಪಿಯುಸಿಯಲ್ಲಿ ಕಾಮರ್ಸ್ ಓದಿದ್ದ ನನ್ನ ಧರ್ಮಪತ್ನಿ ಅಂಗರಚನೆ, ರಸಾಯನಶಾಸ್ತ್ರಗಳ ಮೇಲೆ ದಂಡಯಾತ್ರೆ ಹೊರಟಳು. (ಬಂಗುಡೆ ಮೀನು ಕೊಯ್ಯುವಾಗ ಒಳಗಿನ ಒಂದೊಂದು ಭಾಗದ ಹೆಸರನ್ನೂ ಗಟ್ಟಿಯಾಗಿ ಹೇಳುತ್ತಿದ್ದಳು. ಆಮೇಲೆ ಅದನ್ನು ತಿನ್ನಬೇಕಾದವನು ನಾನು.)

ಕೊನೆಗೆ ಉಳಿದದ್ದು ರೋಗಿಯ ಜೊತೆ ಮಾತಾಡುವ ಪಾಠ. ಉಪದೇಶ ಮಾಡಬಾರದು, ವಾದಿಸಬಾರದು, ಅವನು ಹೇಳಿದ್ದನ್ನೇ ಮೆತ್ತಗೆ ತಿರುಗಿ ಹೇಳಿ ಕಾಯಬೇಕಂತೆ. ಅಭ್ಯಾಸಕ್ಕೆ ರೋಗಿ ಬೇಕಲ್ಲ? ನಾನಿದ್ದೆ.

"ಸಾರಿಗೆ ಉಪ್ಪೇ ಇಲ್ಲ ಮಾರಾಯ್ತಿ," ಎಂದೆ ಒಂದು ದಿನ.

ಮೊದಲಾಗಿದ್ದರೆ, "ನಿಮ್ಮ ಬಿಪಿಗೆ ಇನ್ನೆಷ್ಟು ಉಪ್ಪು ಸುರೀಬೇಕು?" ಎಂದು ಶುರುವಾದದ್ದು ನನ್ನ ಅಕ್ಕನ ಮನೆಯ ಗೃಹಪ್ರವೇಶದವರೆಗೂ ಹೋಗುತ್ತಿತ್ತು. ಈಗ ಅವಳು ಚಮಚ ಕೆಳಗಿಟ್ಟು, ನನ್ನ ಕಣ್ಣನ್ನೇ ನೋಡಿ, "ಸಾರಿಗೆ ಉಪ್ಪಿಲ್ಲ ಅಂತ ನಿಮಗೆ ಬೇಸರ ಆಗಿದೆ," ಎಂದಳು.

"ಹೌದು."

"ಹ್ಞೂಂ. ಅದರ ಬಗ್ಗೆ ಇನ್ನೂ ಹೇಳಿ."

ಉಪ್ಪಿನ ಬಗ್ಗೆ ಇನ್ನೇನು ಹೇಳುವುದು? ಉಪ್ಪಂತೂ ಬರಲಿಲ್ಲ.

ಒದ್ದೆ ಟವೆಲನ್ನು ಸೋಫಾದ ಮೇಲೆ ಎಸೆದು ನೋಡಿದೆ. ಬೇಕೆಂದೇ ಆಫೀಸಿನಿಂದ ತಡವಾಗಿ ಬಂದೆ. ಕರುಣೆಯೋ ಕರುಣೆ! ನಮ್ಮ ಕಡೆ ಹೆಂಡತಿ ಬೈಯುತ್ತಿದ್ದರೆ ಮನೆ ಸರಿಯಾಗಿದೆ ಎಂದರ್ಥ. ಮೆತ್ತಗೆ ಮಾತಾಡುವುದೇನಿದ್ದರೂ ಹೊರಗಿನವರ ಜೊತೆ. ನನ್ನನ್ನೂ ಹೊರಗಿನವರ ಸಾಲಿಗೆ ಸೇರಿಸಿದಳೇ ಎಂದು ಅಳುಕು ಹತ್ತಿತು. ಮಗಳು ಅಶ್ಮಿತಾಳಿಗೆ ದೂರು ಕೊಟ್ಟೆ.

"ಪಪ್ಪಾ, ಮಮ್ಮಿ ಈಸ್ ಬೀಯಿಂಗ್ ನೈಸ್. ವಾಟ್ಸ್ ಯುವರ್ ಪ್ರಾಬ್ಲಮ್?" ಎಂದಳು.

ನಿಜವಾದ ಪ್ರಾಬ್ಲಮ್ ಇನ್ನೊಂದಿತ್ತು. ಆಶಾಲತಾ ಪಾಸಾದರೆ ಮಗಳನ್ನು ಕರೆದುಕೊಂಡು ಕೆನಡಾಕ್ಕೆ ಹೊರಡುತ್ತಾಳೆ. ನಾನು ಕೆಲಸ ಬಿಡುವ ಹಾಗಿಲ್ಲ. ಸಂಸಾರ ಜೊತೆಗಿಲ್ಲದ ಗಂಡಸಿಗೆ ಕುವೈತಿನಲ್ಲಿ, ತಲೆ ನೆರೆತಿದ್ದರೂ, ಬ್ಯಾಚುಲರ್ ಎಂದೇ ಹೆಸರು; ಸಂಸಾರಸ್ಥರ ಫ್ಲ್ಯಾಟು ಬಿಟ್ಟು, ಆಚೆ ಮಹಬೂಲಾದಲ್ಲಿ ನಾಲ್ಕಾರು ಜನರ ಯಾವುದೋ ರೂಮಿನಲ್ಲಿ ಒಂದು ಮಂಚ ಹಿಡಿಯಬೇಕು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಬಾಯಲ್ಲಿ ಮಾತ್ರ, "ಓದು ಓದು, ನಾನಿದ್ದೇನೆ," ಎನ್ನುತ್ತಿದ್ದೆ.

ಪರೀಕ್ಷೆ ಒಂದು ಶುಕ್ರವಾರ ಸಂಜೆ. ಲ್ಯಾಪ್‌ಟಾಪಿನ ಮುಂದೆ ಅವಳು ನರ್ಸು, ನಾನು ಮಾತ್ರೆ ಬೇಡವೆನ್ನುವ ಹಠಮಾರಿ ರೋಗಿ. ಪರದೆಯ ಆಚೆ ಕೆನಡಾದ ಟೀಚರಮ್ಮ ಮತ್ತು ಇಡೀ ತರಗತಿ.

"ಐ ವಿಲ್ ನಾಟ್ ಟೇಕ್ ಟ್ಯಾಬ್ಲೆಟ್!" ಎಂದು ಯಕ್ಷಗಾನದ ರಾಕ್ಷಸನಂತೆ ಗುಡುಗಿದೆ.

ಮಾತ್ರೆ ಬೇಡವೆಂದು ನಿಮಗನಿಸುತ್ತಿದೆ ಎಂದು ಅವಳು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದಳು.

"ನೋ ಯೂಸ್!"

ಉಪಯೋಗವಿಲ್ಲ ಎಂದು ನಿಮಗನಿಸುತ್ತಿದೆ ಎಂದಳು. ಆಮೇಲೆ ಸುಮ್ಮನೆ ಕಾದಳು. ಮದುವೆಯಾದ ಮೇಲೆ ನಾನು ಬಾಯಿ ತೆರೆಯಲಿ ಎಂದು ಅವಳು ಕಾದದ್ದು ಅದೇ ಮೊದಲು. ಅಷ್ಟು ಜಾಗ ಸಿಕ್ಕಿದ್ದೇ ತಡ, ಒಳಗಿದ್ದದ್ದೆಲ್ಲ ಹೊರಗೆ ಬಂತು, ಅದೂ ಮನೆಮಾತಿನಲ್ಲಿ.

"ಮಾತ್ರೆ ತಗೊಂಡು ಎಂತ ಮಾಡ್ಲಿಕ್ಕುಂಟು ಆಶಾ? ನೀವಿಬ್ರು ಹೋಗ್ತೀರಿ. ನಾನು ಮಹಬೂಲಾದಲ್ಲಿ ಯಾರದ್ದೋ ಗೊರಕೆ ಕೇಳ್ತಾ ಮಲಗ್ಬೇಕು. ಮಾತ್ರೆ ತಗೊಂಡ್ರಾ ಅಂತ ಬೈಲಿಕ್ಕೂ ಜನ ಇಲ್ಲ. ನೀನು ಈಗ್ಲೇ ಬೈಯೋದು ಬಿಟ್ಟಿದ್ದೀ. ನನಗೆ ಹೆದರಿಕೆ ಆಗ್ತದೆ."

ಕಣ್ಣಲ್ಲಿ ಬಂದ ನೀರು ಪಾತ್ರದ್ದಲ್ಲ, ನನ್ನದೇ. "ನಿಮಗೆ ಹೆದರಿಕೆ..." ಎಂದು ಶುರುಮಾಡಿದ ಆಶಾಲತಾ ಪಾಠ ಬಿಟ್ಟು ನನ್ನ ಕೈ ಹಿಡಿದುಕೊಂಡಳು.

ಆತ ಏನು ಹೇಳಿದ ಎಂದು ಟೀಚರಮ್ಮ ಕೇಳಿದರು. ಮನೆಮಾತು ಬರುವುದೇ ಇಲ್ಲ ಎಂದು ನಾವು ತಿಳಿದಿದ್ದ ಅಶ್ಮಿತಾ ಮುಂದೆ ಬಂದು, ಒಂದಕ್ಷರ ಬಿಡದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು, ಗೊರಕೆ ಸಮೇತ. ಪರದೆಯಲ್ಲಿದ್ದವರು ಕಣ್ಣೊರೆಸಿಕೊಂಡರು. ಆಶಾಲತಾ ತರಗತಿಗೇ ಮೊದಲಿಗಳಾಗಿ ಪಾಸಾದಳು.

ಲ್ಯಾಪ್‌ಟಾಪ್ ಮುಚ್ಚಿತು. ಆಶಾಲತಾಳ ಬಾಯಿ ತೆರೆಯಿತು.

"ನಿಮಗೆ ಬುದ್ಧಿ ಉಂಟಾ? ಇಷ್ಟು ದಿನ ಬಾಯಿಗೆ ಬೀಗ ಹಾಕಿದ್ರಾ? ನನ್ನ ಹತ್ರ ಹೇಳ್ಲಿಕ್ಕೆ ಇಡೀ ಕೆನಡಾ ಬೇಕಾಯ್ತಾ? ಅದೂ ಆ ಹರ್ಕು ಬನಿಯನಲ್ಲಿ!"

ಎಷ್ಟೋ ದಿನಗಳ ಮೇಲೆ ಕೇಳಿದ ಸುಪ್ರಭಾತ. ನನಗೆ ನಿಜಕ್ಕೂ ಜೀವ ಬಂದ ಹಾಗಾಯಿತು.

"ಹಾಗಾದ್ರೆ ಹೋಗೋದಿಲ್ವಾ?" ಎಂದೆ ಆಸೆಯಿಂದ.

"ಹೋಗದೆ ಮತ್ತೆ? ಬರುವ ವರ್ಷ ಹೋಗ್ತೇನೆ. ಅಲ್ಲಿಂದ ದಿನಾ ಫೋನ್ ಮಾಡಿ ಬೈತೇನೆ, ಸಾಕಾ? ಅಷ್ಟರೊಳಗೆ ನೀವೂ ಪಾಸಾಗ್ಬೇಕು. ನಿಮಗೂ ಪ್ರೀರಿಕ್ವಿಸಿಟ್ ಉಂಟು. ಅನ್ನ, ಸಾರು, ಮೀನಿನ ಪುಳಿಮುಂಚಿ. ನಾಳೆಯಿಂದ ಕ್ಲಾಸು. ಯಲ್ಲಾ, ಬೇಗ ಬೇಗ!"

ನಿನ್ನೆ ನನ್ನ ಮೊದಲ ಸಾರು. ಆಶಾಲತಾ ಒಂದು ಚಮಚ ಬಾಯಿಗಿಟ್ಟು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಅವಳಿಂದಲೇ ಕಲಿತ ವಿದ್ಯೆ ನನ್ನಲ್ಲೂ ಇತ್ತಲ್ಲ. ಅವಳ ಕಣ್ಣನ್ನೇ ನೋಡಿ, ಆದಷ್ಟು ಮೆತ್ತಗೆ ಹೇಳಿದೆ:

"ಸಾರಿಗೆ ಉಪ್ಪಿಲ್ಲ ಅಂತ ನಿನಗೆ ಬೇಸರ ಆಗಿದೆ."

"ಬೇಸರ ಅಲ್ಲ, ಕೋಪ. ಏಳಿ, ಉಪ್ಪು ತನ್ನಿ."

ಎದ್ದು ತಂದೆ.